ವಿಚಾರಣೆಯೂ ಆಳುಕಡಿತವೂ: ಅಂಚೆ ನೌಕರರಿಂದ ನಾವು ಕಲಿಯಬೇಕಾದ ಪಾಠ

ಕೆಲಸಗಾರನ ಮೇಲೆ ಆಪಾದನೆ ಬಂದಾಗ ಅವನ ಕೇಡು ಎಲ್ಲಿಂದ ಆರಂಭವಾಗುತ್ತದೆ? ಕೊನೆಯಲ್ಲಿ ಕೈಸೇರುವ ವಜಾ ಆಜ್ಞೆಯಿಂದ ಎಂದು ಬಹು ಮಂದಿ ತಿಳಿದಿದ್ದಾರೆ. ಅದು ಸರಿಯಲ್ಲ. ಕೇಡು ಆರಂಭವಾಗುವುದು ಮೊದಲನೆಯ ದಿನ, ಹೆದರಿಕೆಯಲ್ಲಿ ಓದದೆ ಹಾಕಿದ ಸಹಿಯಿಂದ. ಇನ್ನೂ ಸರಿಯಾಗಿ ಹೇಳುವುದಾದರೆ ಅದಕ್ಕೂ ಎಷ್ಟೋ ತಿಂಗಳು ಮುಂಚೆ, ಇಬ್ಬರ ಕೆಲಸವನ್ನು ಒಬ್ಬನ ತಲೆಗೆ ಕಟ್ಟಿದಾಗ ಅವನು ಅದನ್ನು ಎಲ್ಲಿಯೂ ಬರೆದಿಡದೆ ಸುಮ್ಮನಿದ್ದ ದಿನದಿಂದ. ಅಂಚೆ ನೌಕರರ ಯೂನಿಯನ್ನುಗಳ ಹಳೆಯ ಕಾರ್ಯಕರ್ತರು ತಮ್ಮವರಿಗೆ ಹೇಳುವ ಬುದ್ಧಿಮಾತಿನ ಸಾರವೂ ಇಷ್ಟೇ: ಹೊರೆ ಹೆಚ್ಚಿದ ದಿನವೇ ಬರೆದು ತಿಳಿಸು, ವಿಚಾರಣೆಗೆ ಕರೆದ ದಿನ ಓದದೆ ಸಹಿ ಮಾಡಬೇಡ, ಎರಡು ಕಾಲದಲ್ಲಿಯೂ ಒಬ್ಬಂಟಿಯಾಗಿ ನಿಲ್ಲಬೇಡ. ಈ ಮೂರು ಮಾತುಗಳು ಅಂಚೆಯವರಿಗೆ ಮಾತ್ರವಲ್ಲ, ಹೊಟೇಲಿನಲ್ಲಿಯೂ ಗಿರಣಿಯಲ್ಲಿಯೂ ದುಡಿಯುವ ನಮಗೂ ಸಲ್ಲುತ್ತವೆ ಎಂಬುದೇ ನಮ್ಮ ಅಭಿಪ್ರಾಯ.

ಅಂಚೆಯವರಿಗೂ ನಮಗೂ ಇರುವ ನಂಟು ಇಂದು ನಿನ್ನೆಯದಲ್ಲ. 1880ರಲ್ಲಿ ಅಂಚೆ ಕಛೇರಿಗಳು ಮನಿಯಾರ್ಡರಿನ ಕೆಲಸವನ್ನು ಕೈಗೆತ್ತಿಕೊಂಡ ಮೇಲೆ ಎಷ್ಟೋ ಕಾಲ, ಮುಂಬಯಿಯ ಹೊಟೇಲಿನಲ್ಲಿ ಕಪ್ಪುಬಸಿ ತೊಳೆದ ಹುಡುಗನ ಸಂಬಳವೂ ಪರೇಲಿನ ಗಿರಣಿಯಲ್ಲಿ ಮಗ್ಗ ನಡೆಸಿದವನ ಪಗಾರವೂ ಊರು ಸೇರುತ್ತಿದ್ದುದು ಖಾಕಿ ಬಟ್ಟೆಯ ಆ ಮನುಷ್ಯನ ಚೀಲದಲ್ಲಿಯೇ. ಉಡುಪಿ, ಕುಂದಾಪುರ, ಕಾರವಾರ, ವಿಜಾಪುರದ ಕಡೆಯ ತಾಯಂದಿರು ಮಗನ ಮುಖವನ್ನು ವರ್ಷಕ್ಕೊಮ್ಮೆ ಕಂಡರೆ ಟಪಾಲಿನವನ ಮುಖವನ್ನು ತಿಂಗಳಿಗೊಮ್ಮೆ ಕಾಣುತ್ತಿದ್ದರು. ಇಂದು ಹಣ ಮೊಬೈಲಿನಲ್ಲಿ ಹೋಗುತ್ತದೆ. ಆದರೂ ನಮ್ಮವರ ಉಳಿತಾಯದ ಪಾಸ್‌ಬುಕ್ಕು, ತಿಂಗಳ ಕಂತಿನ ಖಾತೆ, ಅಜ್ಜಿಯ ಪಿಂಚಣಿ ಇನ್ನೂ ಎಷ್ಟೋ ಊರುಗಳಲ್ಲಿ ಅಂಚೆಯವನ ಕೈಯಲ್ಲಿಯೇ ಇವೆ. 1913ರಲ್ಲಿ ಕಟ್ಟಿ ಮುಗಿಸಿದ ಮುಂಬಯಿಯ ದೊಡ್ಡ ಟಪಾಲು ಕಛೇರಿಯ ಗುಮ್ಮಟಕ್ಕೆ ನಮ್ಮ ವಿಜಾಪುರದ ಗೋಳಗುಮ್ಮಟವೇ ಮಾದರಿ. ಗೋಳಗುಮ್ಮಟದಲ್ಲಿ ಪಿಸುಮಾತಿಗೂ ಮರುದನಿ ಉಂಟು. ಸರಕಾರಿ ಗುಮ್ಮಟದ ಕೆಳಗೆ ಹಾಗಲ್ಲ. ಅಲ್ಲಿ ಕಾಗದದ ಮೇಲೆ ಬರೆದ ಮಾತು ಮಾತ್ರ ಕೇಳಿಸುತ್ತದೆ.

ಅಂಚೆ ನೌಕರರು ಹೋರಾಟಕ್ಕೆ ಹೊಸಬರೂ ಅಲ್ಲ. 1946ರ ಜುಲೈ 11ರಂದು ಪೋಸ್ಟ್‌ಮನ್ನರು ಮತ್ತು ಕೆಳದರ್ಜೆಯ ನೌಕರರು ಮುಷ್ಕರ ಹೂಡಿದಾಗ, ಅದೇ ತಿಂಗಳ 29ರಂದು ಅವರ ಬೆಂಬಲಕ್ಕಾಗಿ ಕಲಕತ್ತಾ ನಗರವಿಡೀ ಕೆಲಸ ನಿಲ್ಲಿಸಿತು. 1960ರ ಜುಲೈಯಲ್ಲಿ ಕೇಂದ್ರ ಸರಕಾರಿ ನೌಕರರು ಐದು ದಿನ ಕೆಲಸಕ್ಕೆ ಹೋಗದೆ ನಿಂತಾಗಲೂ, 1968ರ ಸಪ್ಟಂಬರ 19ರ ಒಂದು ದಿನದ ಮುಷ್ಕರದಲ್ಲಿಯೂ ಅಂಚೆಯವರಿದ್ದರು. ಮುಷ್ಕರದ ದಿನ ಸಾವಿರಾರು ಜನ ಒಟ್ಟಿಗೆ ಇರುತ್ತಾರೆ. ಆದರೆ ವಿಚಾರಣೆಯ ದಿನ ಮೇಜಿನ ಈಚೆ ಕಡೆ ಕುಳಿತವನು ಒಬ್ಬನೇ. ಸಂಘದ ನಿಜವಾದ ಬೆಲೆ ತಿಳಿಯುವುದು ಆ ದಿನ.

ಮೊದಲು ಆಳುಗಳ ಲೆಕ್ಕ ನೋಡೋಣ. 2001ರ ಮೇ 16ರಂದು ಕೇಂದ್ರ ಸರಕಾರ ಒಂದು ಆಜ್ಞೆ ಹೊರಡಿಸಿತು. ನೇರ ನೇಮಕಾತಿಗೆ ತೆರವಾದ ಹುದ್ದೆಗಳಲ್ಲಿ ಮೂರರಲ್ಲೊಂದು ಪಾಲನ್ನು ಮಾತ್ರ ತುಂಬತಕ್ಕದ್ದು. ಅದೂ ಮಂಜೂರಾದ ಒಟ್ಟು ಹುದ್ದೆಗಳ ನೂರಕ್ಕೆ ಒಂದನ್ನು ಮೀರತಕ್ಕದ್ದಲ್ಲ. ತುಂಬದೆ ಉಳಿದವನ್ನು ರದ್ದು ಮಾಡತಕ್ಕದ್ದು ಎಂಬುದು ಅದರ ಸಾರ. 2009ರ ಮಾರ್ಚ್ ತಿಂಗಳವರೆಗೆ ಇದು ನಡೆಯಿತು. ಅಂಚೆ ಇಲಾಖೆಯೂ ಇದಕ್ಕೆ ಒಳಪಟ್ಟಿತ್ತು. ಇದರಿಂದ ಯಾರನ್ನೂ ಕೆಲಸದಿಂದ ತೆಗೆದಂತೆ ಕಾಣಲಿಲ್ಲ, ಆದುದರಿಂದ ಕೂಗೂ ಏಳಲಿಲ್ಲ. ನಿವೃತ್ತನಾದವನ ಜಾಗ ಖಾಲಿ ಉಳಿಯಿತು, ಅವನ ಬೀಟು ಪಕ್ಕದವನ ಬೀಟಿಗೆ ಸೇರಿತು, ಅಷ್ಟೇ. ಆಳುಕಡಿತದಲ್ಲಿ ಇದು ಅತಿ ಸದ್ದಿಲ್ಲದ ಬಗೆ. ಮರ ಕಡಿದರೆ ಸದ್ದು ಕೇಳಿಸುತ್ತದೆ, ಬೇರಿಗೆ ನೀರು ನಿಲ್ಲಿಸಿದರೆ ಕೇಳಿಸುವುದಿಲ್ಲ.

ಆಮೇಲೆಯೂ ಬದಲಾವಣೆಗಳು ನಿಂತಿಲ್ಲ. 2018ರ ಸಪ್ಟಂಬರ 1ರಂದು ಅಂಚೆ ಪೇಮೆಂಟ್ಸ್ ಬ್ಯಾಂಕು ಆರಂಭವಾಯಿತು. ಕಾಗದ ಹಂಚುವವನ ಕೈಗೆ ಮನೆಬಾಗಿಲಿನ ಬ್ಯಾಂಕಿನ ಕೆಲಸವೂ ಬಂತು. ಹಳ್ಳಿಗಳ ಗ್ರಾಮೀಣ ಡಾಕ್ ಸೇವಕರಿಗೆ ಅದೇ ವರ್ಷ ದಿನಕ್ಕೆ 4 ಗಂಟೆ ಅಥವಾ 5 ಗಂಟೆಯ ಕೆಲಸವೆಂದು ಹಿಡಿದು ಭತ್ಯೆ ಗೊತ್ತು ಮಾಡಿದರು. ಖಾತೆ ತೆರೆಸು, ವಿಮೆ ಮಾಡಿಸು ಎಂದು ಹೊಸ ಕೆಲಸಗಳು ಬರುತ್ತಲೇ ಇದ್ದರೆ ಆ ಗಂಟೆಗಳು ಸಾಲುವುದೆಲ್ಲಿ? 2025ರಲ್ಲಿ ರಿಜಿಸ್ಟರ್ಡ್ ಟಪಾಲನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ಇವೆಲ್ಲವೂ ಕೆಟ್ಟವೆಂದು ನಾವು ಹೇಳುವುದಿಲ್ಲ. ಕಾಗದ ಬರೆಯುವವರೇ ಕಡಿಮೆಯಾದ ಕಾಲದಲ್ಲಿ ಅಂಚೆ ಇಲಾಖೆ ಹಳೆಯ ರೀತಿಯಲ್ಲಿಯೇ ಇರಲಿ ಎನ್ನುವುದು ವಿವೇಕವಲ್ಲ. ಆದರೆ ಕೆಲಸದ ರೀತಿ ಬದಲಾದಾಗ ಹೊರೆಯ ಲೆಕ್ಕವೂ ಬದಲಾಗಬೇಕು. ಆ ಲೆಕ್ಕವನ್ನು ಯಾರೂ ಬರೆಯದಿದ್ದರೆ, ಮುಂದೊಂದು ದಿನ ಅದು ಬೇರೆ ವೇಷದಲ್ಲಿ, ಆಪಾದನಾ ಪತ್ರದ ವೇಷದಲ್ಲಿ ಬರುತ್ತದೆ.

ಅದು ಹೇಗೆಂದು ನೋಡಿ. ಒಬ್ಬ ಪೋಸ್ಟ್‌ಮನ್ನನಿಗೆ ಎರಡು ಬೀಟು ಕೂಡಿಸಿಕೊಟ್ಟಿದ್ದಾರೆ ಎನ್ನೋಣ. ಲಾಲಬಾಗದ ಚಾಳುಗಳಿದ್ದ ಕಡೆ ಈಗ ನಲವತ್ತು ಐವತ್ತು ಮಾಳಿಗೆಯ ಕಟ್ಟಡಗಳೆದ್ದಿವೆ. ಲಿಫ್ಟಿಗೆ ಕಾಯಬೇಕು, ಕಾವಲುಗಾರನ ಹತ್ತಿರ ಹೆಸರು ಬರೆಸಬೇಕು. ಅವಸರದಲ್ಲಿ ಸಹಿ ಪಡೆದು ಕೊಡಬೇಕಾದ ಲಕೋಟೆಯೊಂದನ್ನು ಮತ್ತೊಬ್ಬರ ಕೈಗೆ ಕೊಟ್ಟುಬಿಟ್ಟ. ಅದರಲ್ಲಿ ಚೆಕ್‌ಬುಕ್ಕು ಇತ್ತು. ದೂರು ಬಂತು. ಆಪಾದನಾ ಪತ್ರದಲ್ಲಿ ಏನಿರುತ್ತದೆ? ಇಂಥ ದಿನ, ಇಂಥ ಲಕೋಟೆ, ಇಂಥವರಿಗೆ ಕೊಡಲಿಲ್ಲ. ಆದುದರಿಂದ 1964ರ ನಡತೆ ನಿಯಮಗಳ 3ನೆಯ ನಿಯಮದಂತೆ ಕರ್ತವ್ಯನಿಷ್ಠೆ ತಪ್ಪಿದ್ದಾನೆ. ಆ ದಿನ ಅವನ ಚೀಲದಲ್ಲಿ ಎಷ್ಟು ಲಕೋಟೆಗಳಿದ್ದವು, ಎಷ್ಟು ಬೀಟುಗಳನ್ನು ತಿರುಗಿದ, ಎಷ್ಟು ಹೊತ್ತಿಗೆ ಊಟ ಮಾಡಿದ ಎಂಬುದು ಅದರಲ್ಲಿ ಇರುವುದಿಲ್ಲ. ಅದನ್ನು ಹೇಳಬೇಕಾದವನು ಅವನೇ. ಆದರೆ ಬರೀ ಬಾಯಿಮಾತಿನಲ್ಲಿ ಹೇಳಿದರೆ, ಸಿಕ್ಕಿಬಿದ್ದ ಮೇಲೆ ಹುಟ್ಟಿಸಿದ ಕಥೆ ಎನ್ನುತ್ತಾರೆ.

ದಕ್ಷತೆಯ ಕೊರತೆ, ಎಚ್ಚರ ತಪ್ಪಿ ಆದ ಲೋಪ, ತೀರ್ಮಾನದಲ್ಲಿ ಆದ ತಪ್ಪು ಇವು ತಮ್ಮಷ್ಟಕ್ಕೇ ದುರ್ನಡತೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1979ರಲ್ಲಿ ಹೇಳಿದೆ. ಆ ಪ್ರಕರಣ ಜಿಲ್ಲೆಯನ್ನಾಳುವ ದೊಡ್ಡ ಅಧಿಕಾರಿಯೊಬ್ಬರದು. ಜಿಲ್ಲಾಧಿಕಾರಿಗೆ ಸಂದ ನ್ಯಾಯ ಚೀಲ ಹೊತ್ತವನಿಗೂ ಸಲ್ಲಬೇಕು. ಆದರೆ ಲೋಪ ಯಾಕಾಯಿತೆಂದು ತೋರಿಸುವ ಕಾಗದ ಕೈಯಲ್ಲಿದ್ದವನಿಗೆ ಅದು ಸುಲಭ, ಬರಿಗೈಯವನಿಗೆ ಕಷ್ಟ.

ಇದಕ್ಕೇ ಯೂನಿಯನ್ನಿನವರು ಹೇಳುವುದು: ಬೀಟು ಕೂಡಿಸಿದರೆ, ಹೊಸ ಕೆಲಸ ಹೇರಿದರೆ, ವರ್ಗ ಮಾಡಿದರೆ, ಮೊದಲು ಆಜ್ಞೆಯನ್ನು ಬರಹದಲ್ಲಿ ಕೇಳು. ಕೊಡದಿದ್ದರೆ ನೀನೇ ಒಂದು ಚೀಟಿ ಬರೆ: 'ಇಂದಿನಿಂದ ಇಂಥ ಕೆಲಸವನ್ನೂ ಮಾಡಬೇಕೆಂದು ತಾವು ಬಾಯಿಯಿಂದ ಅಪ್ಪಣೆ ಕೊಟ್ಟಿರುವಿರಿ, ಅದರಂತೆ ಮಾಡುತ್ತಿದ್ದೇನೆ' ಎಂದು. ಕೆಲಸ ಮಾಡಲಾರೆನೆಂದು ಮೊಂಡು ಹಿಡಿಯಬೇಡ. ಅಪ್ಪಣೆ ಮೀರಿದ್ದೇ ಬೇರೊಂದು ಆಪಾದನೆಯಾಗುತ್ತದೆ. ಮೊದಲು ಕೆಲಸಕ್ಕೆ ಹೋಗು, ಆಮೇಲೆ ಅಹವಾಲು ಕೊಡು. ದಿನದ ಲೆಕ್ಕವನ್ನು ಸಣ್ಣ ಡೈರಿಯಲ್ಲಿ ಬರೆದಿಡು: ತಾರೀಖು, ಎಷ್ಟು ಲಕೋಟೆ, ಎಷ್ಟು ಬೀಟು, ಎಷ್ಟಕ್ಕೆ ಹೋದೆ, ಎಷ್ಟಕ್ಕೆ ಬಂದೆ. ತಿಂಗಳಿಗೊಮ್ಮೆ ಅದರ ಮೊತ್ತವನ್ನು ಸಂಘಕ್ಕೆ ಕೊಡು. ಒಬ್ಬನ ಡೈರಿ ಗೊಣಗಾಟ ಎನ್ನಿಸಿಕೊಂಡೀತು; ಹತ್ತು ಜನರ ಡೈರಿ ಒಂದೇ ಮಾತು ಹೇಳಿದರೆ ಅದು ಪುರಾವೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ಆಪಾದನೆ ಬಂದ ಮೇಲೆ ಬರೆಯಲು ಕುಳಿತರೆ ಫಲವಿಲ್ಲ.

ಇನ್ನು ವಿಚಾರಣೆಯ ಮಾತು. ಇಲಾಖೆಯ ಕಾಯಂ ನೌಕರರಿಗೆ 1965ರ ಶಿಸ್ತಿನ ನಿಯಮಗಳಿವೆ. ದೊಡ್ಡ ಶಿಕ್ಷೆ ಕೊಡಬೇಕಾದರೆ 14ನೆಯ ನಿಯಮದಂತೆ ನಡೆಯಬೇಕು: ಆಪಾದನೆಗಳು, ಅವುಗಳ ವಿವರ, ಆಧಾರವಾದ ದಾಖಲೆಗಳ ಪಟ್ಟಿ, ಸಾಕ್ಷಿಗಳ ಪಟ್ಟಿ ಇಷ್ಟೂ ಕೈಗೆ ಬರಬೇಕು. 2017ರ ತಿದ್ದುಪಡಿಯಂತೆ ಉತ್ತರ ಕೊಡಲು 15 ದಿನ. ಕಾರಣವಿದ್ದರೆ ಒಟ್ಟು 45 ದಿನಗಳವರೆಗೆ ಅವಧಿ ಬೆಳೆಸಬಹುದು. ವಿಚಾರಣೆಯನ್ನು 6 ತಿಂಗಳೊಳಗೆ ಮುಗಿಸಬೇಕೆಂದೂ ಅದೇ ತಿದ್ದುಪಡಿ ಹೇಳಿತು. ನೌಕರನು ತನ್ನ ಪಕ್ಕದಲ್ಲಿ ಇನ್ನೊಬ್ಬ ಸರಕಾರಿ ನೌಕರನನ್ನೋ ನಿವೃತ್ತನನ್ನೋ ಸಹಾಯಕನನ್ನಾಗಿ ಕೂರಿಸಿಕೊಳ್ಳಬಹುದು. ವಿಚಾರಣೆಯ ವರದಿಯ ಪ್ರತಿ ಪಡೆದು 15 ದಿನಗಳಲ್ಲಿ ತನ್ನ ಮಾತು ಹೇಳಬಹುದು. ಶಿಕ್ಷೆಯಾದರೆ 45 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಓದಲು ಇದು ಭದ್ರವಾದ ಕೋಟೆ.

ಆದರೆ ಕೋಟೆಗೆ ಹೊರಬಾಗಿಲೊಂದಿದೆ. ಕೆಲಸಗಾರ ಸೋಲುವುದು ಅಲ್ಲಿ. ಆಪಾದನಾ ಪತ್ರ ಬರುವುದಕ್ಕೆ ಮುಂಚೆ ಇನ್‌ಸ್ಪೆಕ್ಟರರು ಬಂದು ಹೇಳಿಕೆ ಬರೆಸಿಕೊಳ್ಳುತ್ತಾರೆ. ಆ ಪ್ರಾಥಮಿಕ ತನಿಖೆಯಲ್ಲಿ ಸಹಾಯಕನನ್ನು ಕೂರಿಸಿಕೊಳ್ಳುವ ಹಕ್ಕು ನಿಯಮದಲ್ಲಿಲ್ಲ. 'ಹೆಚ್ಚೇನಿಲ್ಲ, ತಪ್ಪಾಯಿತೆಂದು ಬರೆದುಕೊಟ್ಟು ಹಣ ಕಟ್ಟಿಬಿಡು, ಇಲ್ಲಿಗೇ ಮುಗಿಯುತ್ತದೆ' ಎಂಬ ಸಮಾಧಾನದ ಮಾತು ಅಲ್ಲಿ ಕೇಳಿಬರುವುದುಂಟು. ಅದು ಅಲ್ಲಿಗೆ ಮುಗಿಯುವುದಿಲ್ಲ. ಆ ಕಾಗದವೇ ಮುಂದೆ ಮೊದಲನೆಯ ದಾಖಲೆಯಾಗಿ ಎದುರು ನಿಲ್ಲುತ್ತದೆ. ಆದುದರಿಂದ ಹೇಳಿಕೆ ಕೊಡುವುದಿಲ್ಲವೆಂದು ಓಡಬೇಡ; ಆದರೆ ಗೊತ್ತಿದ್ದಷ್ಟನ್ನೇ ಹೇಳು, ಊಹೆಯನ್ನು ಹೇಳಬೇಡ. ವರ್ಷದ ಹಿಂದಿನ ವ್ಯವಹಾರವನ್ನು ಕೇಳಿದರೆ 'ದಾಖಲೆ ನೋಡದೆ ನೆನಪಿನಿಂದ ಹೇಳಿದ್ದು' ಎಂದು ಬರೆಸು. ನಿನಗೆ ಬರುವ ಭಾಷೆಯಲ್ಲಿಯೇ ಬರೆ. ಬೇರೆ ಭಾಷೆಯಲ್ಲಿ ಅವರೇ ಬರೆದುಕೊಂಡಿದ್ದರೆ, ಓದಿಸಿ ಕೇಳಿ, ಯಾರು ಓದಿ ಹೇಳಿದರೆಂಬುದನ್ನು ನಿನ್ನ ಅಕ್ಷರದಲ್ಲಿ ಕೆಳಗೆ ಬರೆದು ಸಹಿ ಹಾಕು. ಖಾಲಿ ಬಿಟ್ಟ ಜಾಗಕ್ಕೆ ಗೀಟು ಹೊಡೆ. ಪ್ರತಿಯನ್ನು ಕೇಳು; ಕೊಡದಿದ್ದರೆ ಹೊರಗೆ ಬಂದ ಕೂಡಲೇ ಏನು ಕೇಳಿದರು, ಏನು ಹೇಳಿದೆ ಎಂದು ಬರೆದು ತಾರೀಖು ಹಾಕಿ ಸಂಘಕ್ಕೆ ಕೊಡು.

ಇನ್ನೊಂದು ಸಂಗತಿ ನಷ್ಟ ವಸೂಲಿಯದು. ಒಂದು ಕಛೇರಿಯಲ್ಲಿ ಒಬ್ಬನು ಠೇವಣಿದಾರರ ಹಣ ನುಂಗಿದರೆ, ಅವನಿಂದ ವಸೂಲಾಗದ ಹಣಕ್ಕಾಗಿ ಅಕ್ಕಪಕ್ಕದ ಕಛೇರಿಗಳ ಗುಮಾಸ್ತರನ್ನು, ಲೆಕ್ಕ ತಾಳೆ ನೋಡಿದವರನ್ನು, ನೀವೂ ಎಚ್ಚರದಿಂದಿರಲಿಲ್ಲ ಎಂದು ಹಿಡಿದು ಸಂಬಳದಲ್ಲಿ ಮುರಿಯುವ ಪದ್ಧತಿ ಈ ಇಲಾಖೆಯಲ್ಲಿ ಉಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಇಲಾಖೆಯ ಸ್ವಂತ ಕೈಪಿಡಿಯೇ ಹೇಳುತ್ತದೆ: ಇಂಥ ಒಂದು ನಿರ್ದಿಷ್ಟ ಅಲಕ್ಷ್ಯವನ್ನು ಈ ನೌಕರ ಮಾಡಿದ, ಆ ಅಲಕ್ಷ್ಯದಿಂದಲೇ ಈ ನಷ್ಟವಾಯಿತು ಎಂದು ಎರಡನ್ನೂ ಸ್ಥಾಪಿಸಿದರೆ ಮಾತ್ರ ವಸೂಲಿಯ ಶಿಕ್ಷೆ ವಿಧಿಸಬಹುದು. ಬರೀ ಆ ಕಛೇರಿಯಲ್ಲಿದ್ದ ಎಂಬುದು ಸಾಲದು. ಈ ಒಂದು ನಿಯಮವನ್ನು ಓದಿ ತಿಳಿದವನು ತನ್ನ ಮಕ್ಕಳ ಊಟವನ್ನು ಉಳಿಸಿಕೊಳ್ಳುತ್ತಾನೆ.

ವಿಚಾರಣೆ ನಡೆಯುವ ತನಕ ಹೊಟ್ಟೆಗೇನು? ಕಾಯಂ ನೌಕರನನ್ನು ಸಸ್ಪೆಂಡು ಮಾಡಿದರೆ ಅರ್ಧ ಸಂಬಳದ ರಜೆಯಲ್ಲಿ ಸಿಗುವಷ್ಟು ಜೀವನಾಧಾರ ಭತ್ಯೆ ಸಿಗುತ್ತದೆ. 90 ದಿನಗಳೊಳಗೆ ಸಸ್ಪೆನ್ಶನ್ನನ್ನು ಮರುಪರಿಶೀಲಿಸಬೇಕು. ಆದರೆ ಹಳ್ಳಿಯ ಅರೆಕಾಲಿಕ ಅಂಚೆಯವರ ಗತಿ ಬೇರೆಯಾಗಿತ್ತು. 1964ರ ಅವರ ನಿಯಮದಂತೆ ಕೆಲಸದಿಂದ ದೂರವಿಟ್ಟ ಕಾಲಕ್ಕೆ ಒಂದು ಕಾಸೂ ಇರಲಿಲ್ಲ. ಇದನ್ನು ಮುರಿದವರು ನಮ್ಮ ಉಡುಪಿಯ ಕಡೆಯವರು ಎಂಬುದನ್ನು ನಮ್ಮ ಓದುಗರು ಅಭಿಮಾನದಿಂದ ತಿಳಿಯಬೇಕು. ಉಡುಪಿಯ ಅಂಚೆ ಸೂಪರಿಂಟೆಂಡೆಂಟರ ವಿರುದ್ಧ ಸಲ್ಲಿಸಿದ ಅರ್ಜಿಗಳ ಮೇಲೆ, ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠ 1988ರ ಜುಲೈಯಲ್ಲಿ ಆ ನಿಯಮವನ್ನು ಹೊಡೆದುಹಾಕಿತು. ಸುಪ್ರೀಂ ಕೋರ್ಟು 1995ರಲ್ಲಿ ಅದನ್ನು ಎತ್ತಿಹಿಡಿಯಿತು. 1997ರಲ್ಲಿ ಸರಕಾರ ನಿಯಮ ತಿದ್ದಿ ಭತ್ಯೆಯ ಕಾಲುಭಾಗವನ್ನು ಪರಿಹಾರವಾಗಿ ಕೊಡಲು ಒಪ್ಪಿತು. ಕಾಲುಭಾಗ ಕಡಿಮೆಯೇ, ಆದರೆ ಸೊನ್ನೆಗಿಂತ ಅದು ಬಹಳ ದೊಡ್ಡದು. ಉಡುಪಿಯ ಸಣ್ಣ ನೌಕರರು ಕೊಟ್ಟ ಅರ್ಜಿಯಿಂದ ದೇಶದ ಲಕ್ಷಾಂತರ ಹಳ್ಳಿ ಅಂಚೆಯವರಿಗೆ ಅನ್ನದ ದಾರಿಯಾಯಿತು.

ಕೋಲಾರ ಚಿನ್ನದ ಗಣಿಯ ಭದ್ರತಾ ಅಧಿಕಾರಿಯೊಬ್ಬರ ಪ್ರಕರಣವೂ ಹೀಗೆಯೇ. ಅವರ ಮನೆಯಲ್ಲಿ ಚಿನ್ನ ಸಿಕ್ಕಿತೆಂದು ಸಸ್ಪೆಂಡು ಮಾಡಿದರು. ಜೀವನಾಧಾರ ಭತ್ಯೆ ಕೊಡಲಿಲ್ಲ. ಕೇರಳದ ಊರಿನಿಂದ ವಿಚಾರಣೆಗೆ ಬರಲು ಅವರಿಗೆ ಸಾಧ್ಯವಾಗಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ ವಜಾ ಮಾಡಿದರು. ಕ್ರಿಮಿನಲ್ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. 1999ರಲ್ಲಿ ಸುಪ್ರೀಂ ಕೋರ್ಟು, ಹಸಿವಿನಲ್ಲಿ ಕೆಡವಿ ನಡೆಸಿದ ವಿಚಾರಣೆ ವಿಚಾರಣೆಯೇ ಅಲ್ಲ ಎಂಬ ಅರ್ಥದ ತೀರ್ಪಿತ್ತು ಅವರನ್ನು ಕೆಲಸಕ್ಕೆ ಮರಳಿಸಿತು. ನ್ಯಾಯ ಬಂತು, ಹದಿಮೂರು ವರ್ಷಗಳ ಮೇಲೆ. ಈ ವಿಳಂಬವೇ ನಮ್ಮ ವಾದಕ್ಕೆ ಬಲ: ಕೋರ್ಟಿನ ಕೊನೆಯ ಬಾಗಿಲಿಗಿಂತ ಮೊದಲ ಕಾಗದದ ಎಚ್ಚರವೇ ಬಡವನಿಗೆ ಅಗ್ಗ.

ಇಲ್ಲಿ ಒಂದು ಪ್ರಶ್ನೆಯನ್ನು ಮುಚ್ಚಿಡಬಾರದು. 'ಅಂಚೆಯಲ್ಲಿ ಕಳ್ಳರಿಲ್ಲವೇ? ವಿಧವೆಯ ಠೇವಣಿ ನುಂಗಿದವನಿಗೂ ಸಂಘ ಛತ್ರಿ ಹಿಡಿಯಬೇಕೇ?' ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ, ಏಕೆಂದರೆ ಆ ಠೇವಣಿ ನಮ್ಮ ತಾಯಂದಿರದು, ನಾವು ಬೆವರು ಸುರಿಸಿ ಕಳಿಸಿದ್ದು. ಕಳ್ಳನನ್ನು ಕಾಪಾಡುವುದು ಸಂಘದ ಕೆಲಸವಲ್ಲವೆಂದು ನಾವು ಒತ್ತಿ ಹೇಳುತ್ತೇವೆ. ಆದರೆ ಕಳ್ಳನಾರೆಂಬುದು ಗೊತ್ತಾಗಬೇಕಾದುದೇ ವಿಚಾರಣೆಯಿಂದ. ಹೆದರಿಸಿ ಬರೆಸಿಕೊಂಡ ತಪ್ಪೊಪ್ಪಿಗೆಯಿಂದ ಫೈಲು ಬೇಗ ಮುಚ್ಚುತ್ತದೆ. ಪಾಸ್‌ಬುಕ್ಕುಗಳನ್ನೆಲ್ಲ ತರಿಸಿ ಲೆಡ್ಜರಿಗೆ ತಾಳೆ ನೋಡುವ ಕಷ್ಟ ತಪ್ಪುತ್ತದೆ. ತಪಾಸಣೆ ಮಾಡಬೇಕಾಗಿದ್ದ ಮೇಲಿನವರನ್ನು ಯಾರೂ ಕೇಳುವುದಿಲ್ಲ. ಹಾಗೆ ಮುಚ್ಚಿದ ಫೈಲಿನಲ್ಲಿ ಎಷ್ಟು ಠೇವಣಿದಾರರ ಹಣ ಲೆಕ್ಕಕ್ಕೇ ಬಾರದೆ ಹೋಗಬಹುದು! ಪೋಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನೇ ನೆಚ್ಚಿ, ದಾಖಲೆಗಳನ್ನು ಸಾಕ್ಷಿಗಳಿಂದ ರುಜುಪಡಿಸದೆ ಬ್ಯಾಂಕ್ ನೌಕರನೊಬ್ಬನನ್ನು ವಜಾ ಮಾಡಿದ್ದನ್ನು ಸುಪ್ರೀಂ ಕೋರ್ಟು 2008ರಲ್ಲಿ ಒಪ್ಪಲಿಲ್ಲ. ನಿಯಮದಂತೆ ನಡೆದ ವಿಚಾರಣೆ ನಿರಪರಾಧಿಗೆ ಗುರಾಣಿ, ಠೇವಣಿದಾರನಿಗೆ ಕಾವಲು. ಅದಕ್ಕೆ ಅಂಜಬೇಕಾದವನು ಕಳ್ಳನೊಬ್ಬನೇ.

ಇನ್ನು ನಮ್ಮ ಕಡೆಗೆ ತಿರುಗೋಣ. ಅಂಚೆಯವನಿಗೆ ಹತ್ತು ಕಾಗದಗಳಾದರೂ ಬರುತ್ತವೆ. ಹೊಟೇಲಿನ ಹುಡುಗನಿಗೆ ಬರುವುದು ಒಂದೇ ಮಾತು: 'ನಾಳೆಯಿಂದ ಬರಬೇಡ.' ರಾತ್ರಿ ಗಲ್ಲೆಯಲ್ಲಿ ಐನೂರು ರೂಪಾಯಿ ಕಡಿಮೆ ಬಿದ್ದರೆ ಸಪ್ಲಾಯರ್, ಕ್ಲೀನರ್, ಬಿಲ್ಲು ಬರೆಯುವವ ಎಲ್ಲರ ಸಂಬಳದಲ್ಲಿಯೂ ಮುರಿಯುವ ಹೊಟೇಲುಗಳುಂಟು. ಇದು ಕಾಯಿದೆಯಲ್ಲ. ನಷ್ಟಕ್ಕಾಗಿ ಮುರಿಯುವ ಹಣ ನಷ್ಟವನ್ನು ಮೀರಬಾರದು, ಅದು ಆ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಮುರಿಯುವ ಮುಂಚೆ ಅವನ ಮಾತು ಕೇಳಬೇಕು ಎಂದು 1936ರ ವೇತನ ಪಾವತಿ ಕಾಯಿದೆ ಹೇಳಿತ್ತು. 2025ರ ನವೆಂಬರ 21ರಂದು ಜಾರಿಗೆ ಬಂದ ವೇತನ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಅಂಚೆಯ ಕೈಪಿಡಿ ಹೇಳಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಏನೂ ಇಲ್ಲ.

ಖಾಸಗಿ ಯಜಮಾನನ ವಿಚಾರಣೆಗೂ ನಿಯಮವಿದೆ. ಆಪಾದನೆಯನ್ನು ಸ್ಪಷ್ಟವಾಗಿ ತಿಳಿಸಬೇಕು. ಸಾಮಾನ್ಯವಾಗಿ ಕೆಲಸಗಾರನ ಎದುರಿನಲ್ಲಿಯೇ ಸಾಕ್ಷಿಗಳನ್ನು ವಿಚಾರಿಸಬೇಕು. ಅವರನ್ನು ಪಾಟೀಸವಾಲು ಮಾಡಲು ಬಿಡಬೇಕು. ತನ್ನ ಸಾಕ್ಷಿಗಳನ್ನು ತರಲು ಬಿಡಬೇಕು. ವಿಚಾರಣೆ ಮಾಡಿದವನು ಕಾರಣ ಸಹಿತ ವರದಿ ಬರೆಯಬೇಕು ಎಂದು ಸುಪ್ರೀಂ ಕೋರ್ಟು 1963ರಲ್ಲಿಯೇ ಎನಾಮಲ್ ಕಾರ್ಖಾನೆಯೊಂದರ ಪ್ರಕರಣದಲ್ಲಿ ಹೇಳಿದೆ. ಆ ವರದಿಯ ಪ್ರತಿ ಕೆಲಸಗಾರನಿಗೆ ಸಿಗಬೇಕು. ಸರಕಾರಿಯಾಗಲಿ ಖಾಸಗಿಯಾಗಲಿ ಎಲ್ಲ ಸಂಸ್ಥೆಗಳಿಗೂ ಇದು ಅನ್ವಯ ಎಂದು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ನಿನ ಪ್ರಕರಣದಲ್ಲಿ 1993ರಲ್ಲಿ ತೀರ್ಪಾಯಿತು. ಆದರೆ ಕೆಲಸದಲ್ಲಿದ್ದೆನೆಂದು ತೋರಿಸುವ ಚೀಟಿಯೇ ಇಲ್ಲದವನು ಈ ಬಾಗಿಲುಗಳನ್ನು ತಟ್ಟುವುದು ಹೇಗೆ? ಹತ್ತು ಮತ್ತು ಮೇಲ್ಪಟ್ಟು ಆಳುಗಳಿರುವ ಸಂಸ್ಥೆಗಳಲ್ಲಿ ನೇಮಕಪತ್ರ ಕೊಡಬೇಕೆಂದು ಹೊಸ ಸಂಹಿತೆಯಲ್ಲಿದೆ. ಅದನ್ನು ಕೇಳಿ ಪಡೆಯಿರಿ. ಸಂಬಳ ಬ್ಯಾಂಕಿಗೆ ಬರಲಿ. ಹಾಜರಿ ಪುಸ್ತಕದ ಪುಟವನ್ನು ಮೊಬೈಲಿನಲ್ಲಿ ಚಿತ್ರ ಹಿಡಿದಿಡಿ. ಕ್ಯಾಮರಾದಲ್ಲಿ ನಿಮ್ಮ ಕಳ್ಳತನ ಕಂಡಿದೆ ಎಂದರೆ, ಆ ಚಿತ್ರವನ್ನು ಮೊದಲು ತೋರಿಸಿರೆಂದು ವಿನಯದಿಂದಲೇ ಕೇಳಿ.

ಆಳುಕಡಿತವೂ ನಮಗೆ ಹೊಸದಲ್ಲ. 1928ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ಆರು ತಿಂಗಳ ಮುಷ್ಕರ ಹೂಡಿದ್ದಕ್ಕೆ ದೊಡ್ಡ ಕಾರಣಗಳಲ್ಲೊಂದು, ಒಬ್ಬ ನೇಕಾರನಿಗೆ ಹೆಚ್ಚು ಮಗ್ಗಗಳನ್ನು ವಹಿಸುವ ಏರ್ಪಾಡು. 1982ರ ಜನವರಿ 18ರಂದು ಆರಂಭವಾದ ಮಹಾಮುಷ್ಕರದ ಬಳಿಕ ಎಷ್ಟು ಗಿರಣಿಗಳ ಚಿಮಿಣಿ ಆರಿತೆಂಬುದು ನಮ್ಮ ಓದುಗರಲ್ಲಿ ಹಲವರಿಗೆ ಮನೆಯ ಕಥೆಯೇ. ಇಂದಿನ ಹೊಟೇಲಿನಲ್ಲಿ ಮೂವರು ಭಟ್ಟರಿದ್ದ ಒಲೆಯ ಮುಂದೆ ಒಬ್ಬರು ನಿಂತಿದ್ದಾರೆ. ಎಂಟು ಮೇಜು ನೋಡುತ್ತಿದ್ದ ಸಪ್ಲಾಯರ್ ಹದಿನಾರು ನೋಡುತ್ತಿದ್ದಾನೆ. ಮೇಲೆ ಮನೆಗೆ ಒಯ್ಯುವ ಪಾರ್ಸೆಲುಗಳು. ಆರ್ಡರು ತಪ್ಪಿದರೆ, ಎಣ್ಣೆ ಚೆಲ್ಲಿ ಕೈ ಸುಟ್ಟರೆ, ಅದು ಅವನ ಅಲಕ್ಷ್ಯ! ಒಂದು ವಿಭಾಗದ ಅಥವಾ ಪಾಳಿಯ ಆಳುಗಳ ಸಂಖ್ಯೆಯನ್ನು ಇಳಿಸುವ ಮುಂಚೆ 21 ದಿನಗಳ ನೋಟೀಸು ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯಿದೆಯ 9-ಎ ಕಲಮಿನಲ್ಲಿತ್ತು. ಅದರ ಜಾಗಕ್ಕೆ ಬಂದ ಸಂಹಿತೆಯಲ್ಲಿಯೂ ಅಷ್ಟೇ ದಿನಗಳ ನೋಟೀಸಿದೆ. ಈ ನೋಟೀಸನ್ನು ಕಣ್ಣಿನಿಂದ ಕಂಡ ಹೊಟೇಲು ಕೆಲಸಗಾರ ನಮ್ಮಲ್ಲಿ ಯಾರಿದ್ದಾರೆ? ಕೇಳದವನಿಗೆ ಕಾಯಿದೆ ಪುಸ್ತಕದಲ್ಲಿಯೇ ಉಳಿಯುತ್ತದೆ.

ಹಾಗಾದರೆ ಮಾಡಬೇಕಾದುದೇನು? ಒಂದೊಂದು ಹೊಟೇಲಿನಲ್ಲಿ, ಒಂದೊಂದು ಖಾತೆಯಲ್ಲಿ ಓದುಬರಹ ಬಲ್ಲ ಇಬ್ಬರನ್ನು ಕೆಲಸಗಾರರೇ ಆರಿಸಿಕೊಳ್ಳಲಿ. ಆಳು ಕಡಿಮೆಯಾದ ದಿನ, ಹೊರೆ ಹೆಚ್ಚಿದ ದಿನ, ಅವರು ತಾರೀಖು ಹಾಕಿ ಬರೆದಿಡಲಿ. ಯಾರನ್ನಾದರೂ ಆಫೀಸಿನೊಳಗೆ ಕರೆದರೆ, 'ಓದಿ ಸಹಿ ಮಾಡುತ್ತೇನೆ, ನಾಳೆಯವರೆಗೆ ಸಮಯ ಕೊಡಿ' ಎಂಬ ಒಂದು ವಾಕ್ಯವನ್ನು ಹೇಳುವ ಧೈರ್ಯವನ್ನು ಅವನಿಗೆ ಮುಂಚಿತವಾಗಿಯೇ ಕಲಿಸಿರಲಿ. ಹೊರಗೆ ಅವನಿಗಾಗಿ ಇಬ್ಬರು ಕಾದಿರಲಿ. ಇದಕ್ಕೆ ಚಂದಾ ಬೇಡ, ಭಾಷಣ ಬೇಡ. ಒಂದು ವಹಿ, ಒಂದು ಪೆನ್ಸಿಲು, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಸಾಕು.

ಹಗಲೆಲ್ಲ ಮೇಜು ಒರೆಸಿ ರಾತ್ರಿ ಕಣ್ಣುಜ್ಜಿಕೊಳ್ಳುತ್ತ ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತವರು ನಮ್ಮ ಹಿರಿಯರು. ಊರಿಗೆ ಕಾಗದ ಬರೆಯಲೆಂದು, ಮನಿಯಾರ್ಡರಿನ ಫಾರಮು ತುಂಬಲೆಂದು ಅವರು ಕಲಿತರು. ಆ ಅಕ್ಷರಕ್ಕೆ ಇನ್ನೊಂದು ಉಪಯೋಗವಿದೆ. ಸಹಿ ಮಾಡುವ ಮುಂಚೆ ಓದುವುದು. ಹೊರೆ ಹೊತ್ತ ದಿನವೇ ಬರೆಯುವುದು. ಬಂಧುಗಳೇ, ಇಂದು ರಾತ್ರಿ ಕೆಲಸ ಮುಗಿದ ಮೇಲೆ ವಹಿಯ ಮೊದಲನೆಯ ಪುಟದಲ್ಲಿ ತಾರೀಖು ಹಾಕಿ, ನಿಮ್ಮ ಪಾಳಿಯಲ್ಲಿ ಮೊದಲು ಎಷ್ಟು ಜನರಿದ್ದರು, ಈಗ ಎಷ್ಟು ಜನರಿದ್ದೀರಿ ಎಂಬ ಎರಡು ಅಂಕಿಗಳನ್ನು ಬರೆಯಿರಿ. ಉಳಿದ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.